ಹಳೆಯ ಸಂಚಾರಿ ಸಾಮಿಲ್ಲಿನ ಬೆಲೆಯನ್ನು ನಿಶ್ಚಯಿಸುವ ಕ್ರಮ

ತೋಟಕ್ಕೇ ಎಳೆದೊಯ್ಯಬಹುದಾದ ಹಳೆಯ ಸಾಮಿಲ್ಲನ್ನು ಕೊಳ್ಳತಕ್ಕವರು ಹೊಸ ಬಣ್ಣಕ್ಕೆ ಮರುಳಾಗಬಾರದು. ಗರಗಸದ ಪಟ್ಟಿಯನ್ನು ತೆಗೆಸಿ ಎರಡು ಚಕ್ರಗಳನ್ನೂ ಕೈಯಿಂದ ತಿರುಗಿಸತಕ್ಕದ್ದು. ಅಲುಗಾಟವಾಗಲಿ ಕರಕರ ಶಬ್ದವಾಗಲಿ ಕಂಡರೆ ಬೇರಿಂಗುಗಳು ಸವೆದಿವೆಯೆಂದು ತಿಳಿಯಬೇಕು. ಕಂಬಿಗಳ ಉದ್ದಕ್ಕೂ ನೂಲು ಹಿಡಿದು ಡೊಂಕನ್ನು ಪರೀಕ್ಷಿಸಬೇಕು. ತಣ್ಣಗಿರುವ ಎಂಜಿನನ್ನು ತಮ್ಮೆದುರಿಗೇ ನಡೆಯಿಸಿ ನೋಡಬೇಕು. ನೀಲಿ ಹೊಗೆಯು ಒಳಗಿನ ಎಣ್ಣೆ ಸುಡುತ್ತಿರುವುದರ ಗುರುತು.

ತರುವಾಯ ಹರಿತವಾದ ಪಟ್ಟಿಯನ್ನು ಹಾಕಿಸಿ, 8 ಅಡಿಯ ಸಿಲ್ವರ್ ಓಕ್ ದಿಮ್ಮಿಯಿಂದ 1 ಅಂಗುಲದ ಹಲಗೆಯನ್ನು ಕೊಯ್ಯಿಸಿ, ತುದಿಗಳಲ್ಲಿಯೂ ನಡುವೆಯೂ ಅಳೆಯತಕ್ಕದ್ದು. ದಪ್ಪವು ಏರುಪೇರಾಗಿದ್ದರೆ ಪಟ್ಟಿಯ ಬಿಗಿತವನ್ನೂ ಅದನ್ನು ಹಿಡಿದಿಡುವ ಉರುಳೆಗಳನ್ನೂ ನೋಡಬೇಕು. ದುರಸ್ತಿಯ ವೆಚ್ಚವನ್ನು ಬೆಲೆಯಲ್ಲಿ ಕಳೆಯುವುದು ನ್ಯಾಯವು.

ಅರಣ್ಯ ಇಲಾಖೆಯ ಪರವಾನಗಿಯಿಲ್ಲದೆ ಸಾಮಿಲ್ಲು ನಡೆಸಕೂಡದು. 2002ರಲ್ಲಿ ಸುಪ್ರೀಂ ಕೋರ್ಟೂ ಹಾಗೆಂದೇ ಆದೇಶಿಸಿತು. ವಲಯ ಅರಣ್ಯಾಧಿಕಾರಿಗಳನ್ನು ವಿಚಾರಿಸಿದ ಮೇಲೆಯೇ ಮುಂಗಡ ಕೊಡುವುದು ಲೇಸು. ಪರವಾನಗಿ ದೊರೆಯದಿದ್ದರೆ ಒಳ್ಳೆಯ ಯಂತ್ರವೂ ಬರಿಯ ಕಬ್ಬಿಣವೇ.