ಮೊತ್ತ ಸರಿ, ಲೆಕ್ಕ ತಪ್ಪು

ಅಕ್ಕನ ಮೊಮ್ಮಗಳು ಬಿ.ಕಾಂ. ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಈಚೆಗೆ ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ವ್ಯವಹಾರ ಸಂಖ್ಯಾಶಾಸ್ತ್ರದ ಅಸೈನ್‌ಮೆಂಟ್. ಅಧ್ಯಾಪಕರು ಒಂದು ಎಕ್ಸೆಲ್ ಫೈಲು ಕೊಟ್ಟಿದ್ದರು. ಅದರಲ್ಲಿ ಅರವತ್ತು ಅಂಗಡಿಗಳ ವಿವರ: ಒಂದು ಕಾಲಂನಲ್ಲಿ ತಿಂಗಳ ಜಾಹೀರಾತು ವೆಚ್ಚ, ಇನ್ನೊಂದರಲ್ಲಿ ತಿಂಗಳ ಮಾರಾಟ. ಮಾರಾಟದ ಸರಾಸರಿ, ಮಧ್ಯಾಂಕ, ಮಾನಕ ವಿಚಲನೆಗಳನ್ನು ಕಂಡುಹಿಡಿಯಬೇಕು. ಜಾಹೀರಾತಿಗೂ ಮಾರಾಟಕ್ಕೂ ಇರುವ ಸಹಸಂಬಂಧವನ್ನು ತಿಳಿಯಬೇಕು. ಹಿಂಚಲನೆಯ ಸಮೀಕರಣ ಬರೆದು, ಜಾಹೀರಾತಿಗೆ ಎರಡು ಲಕ್ಷ ರೂಪಾಯಿ ಖರ್ಚು ಮಾಡಿದರೆ ಮಾರಾಟ ಎಷ್ಟಾದೀತೆಂದು ಅಂದಾಜು ಮಾಡಬೇಕು. ‘ತಾತ, ಎಲ್ಲ ಮುಗಿಸಿದ್ದೀನಿ, ಒಂದು ಸಲ ನೋಡಿಬಿಡಿ’ ಎಂದಳು. ಅಷ್ಟೂ ಉತ್ತರಗಳಿಗೆ ಅವಳು ತೆಗೆದುಕೊಂಡ ಸಮಯ ಒಂದು ಲೋಟ ಕಾಫಿ ಆರುವಷ್ಟೂ ಅಲ್ಲ.

ನಾನು ಎಂ.ಎ. ಓದಿದ್ದು 1980ರ ದಶಕದ ಆರಂಭದಲ್ಲಿ. ಮೂವತ್ತು ಜೋಡಿ ಅಂಕಿಗಳ ಸಹಸಂಬಂಧ ತೆಗೆಯಲು ನಮಗಿದ್ದ ಸಾಧನಗಳೆಂದರೆ ಲಾಗರಿದಮ್ ಪುಸ್ತಕ ಮತ್ತು ವಿಭಾಗದಲ್ಲಿದ್ದ ಒಂದೇ ಒಂದು ಫೇಸಿಟ್ ಯಂತ್ರ. ಅದಕ್ಕೂ ಸರದಿ ಕಾಯಬೇಕಿತ್ತು. ಆ ಕಾಲವೇ ಚೆನ್ನಾಗಿತ್ತೆಂದು ಹಳಹಳಿಸುವವನಲ್ಲ ನಾನು. ನಮ್ಮ ಉತ್ತರಗಳಲ್ಲಿ ಅರ್ಧದಷ್ಟು ತಪ್ಪಿರುತ್ತಿದ್ದವು. ಎಲ್ಲೋ ಒಂದು ಸೊನ್ನೆ ಜಾರಿದರೆ ಇಡೀ ಮಧ್ಯಾಹ್ನದ ದುಡಿಮೆ ಮಣ್ಣುಪಾಲು. ಆದರೆ ಒಂದು ಅನುಕೂಲವಿತ್ತು. ಪ್ರತಿಯೊಂದು ಅಂಕಿಯನ್ನೂ ನಾಲ್ಕಾರು ಸಲ ಬರೆಯಬೇಕಾಗಿದ್ದರಿಂದ ಅದರ ಮುಖಪರಿಚಯವಾಗಿಬಿಡುತ್ತಿತ್ತು. ಎಲ್ಲವೂ ನೂರರ ಆಸುಪಾಸಿನಲ್ಲಿರುವಾಗ ನಡುವೆ ಒಂದು ಸಾವಿರ ಬಂದರೆ ಪೆನ್ನು ತಾನಾಗಿಯೇ ನಿಲ್ಲುತ್ತಿತ್ತು. ಸ್ಪ್ರೆಡ್‌ಶೀಟಿನಲ್ಲಿ ಕೈ ಹಾಗೆ ನಿಲ್ಲುವ ಪ್ರಸಂಗವೇ ಬರುವುದಿಲ್ಲ.

ಈ ಸ್ಪ್ರೆಡ್‌ಶೀಟಿನ ಕಲ್ಪನೆ ಹುಟ್ಟಿದ್ದು ಕೂಡ ವಾಣಿಜ್ಯದ ತರಗತಿಯಲ್ಲೇ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿಯಾಗಿದ್ದ ಡ್ಯಾನ್ ಬ್ರಿಕ್ಲಿನ್, ಒಂದು ಸಂಖ್ಯೆ ಬದಲಾದರೆ ಅದನ್ನು ಅವಲಂಬಿಸಿದ ಮನೆಗಳೆಲ್ಲ ತಾವಾಗಿ ಬದಲಾಗುವ ಒಂದು ವಿದ್ಯುನ್ಮಾನ ಹಲಗೆಯ ಕನಸು ಕಂಡರು. ಬಾಬ್ ಫ್ರಾಂಕ್ಸ್‌ಟನ್ ಜೊತೆ ಸೇರಿ ಅವರು ರೂಪಿಸಿದ ವಿಸಿಕ್ಯಾಲ್ಕ್ 1979ರಲ್ಲಿ ಮಾರುಕಟ್ಟೆಗೆ ಬಂತು. 1983ರಲ್ಲಿ ಲೋಟಸ್, 1985ರಲ್ಲಿ ಎಕ್ಸೆಲ್ ಬಂದವು. ಗುಮಾಸ್ತರ ವಾರದ ಕೆಲಸ ಗಳಿಗೆಯ ಕೆಲಸವಾಯಿತು. ಇದು ಸಣ್ಣ ಉಪಕಾರವಲ್ಲ.

ಮೊಮ್ಮಗಳ ಲೆಕ್ಕಕ್ಕೆ ಬರೋಣ. ಅರವತ್ತು ಅಂಗಡಿಗಳ ಒಟ್ಟು ಮಾರಾಟ 168 ಲಕ್ಷ, ಸರಾಸರಿ 2.8 ಲಕ್ಷ ಎಂದು ಬರೆದಿದ್ದಳು. ಮಾರಾಟದ ಕಾಲಂ ಅನ್ನು ಒಮ್ಮೆ ಕಣ್ಣಲ್ಲಿ ಓದಿದೆ. ನಾಲ್ಕು ಅಂಗಡಿಗಳ ಮುಂದೆ ಸೊನ್ನೆ ಇತ್ತು. ‘ಈ ನಾಲ್ಕು ಅಂಗಡಿಗಳು ತಿಂಗಳಿಡೀ ಒಂದು ರೂಪಾಯಿ ವ್ಯಾಪಾರವನ್ನೂ ಮಾಡಲಿಲ್ಲವೇ?’ ಎಂದು ಕೇಳಿದೆ. ‘ಬಾಗಿಲು ಹಾಕಿದ್ದವೇನೋ ತಾತ’ ಎಂದಳು. ಬಾಗಿಲು ಹಾಕಿದ ಅಂಗಡಿ ಜಾಹೀರಾತಿಗೆ ಇಪ್ಪತ್ತು ಸಾವಿರ ಸುರಿಯುತ್ತದೆಯೇ? ಬಹುಶಃ ಮಾಹಿತಿ ಸಿಗದ ಕಡೆ ಯಾರೋ ಸೊನ್ನೆ ಒತ್ತಿದ್ದರು. ಎಕ್ಸೆಲ್ ಖಾಲಿ ಮನೆಯನ್ನು ಸರಾಸರಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ಸೊನ್ನೆಯನ್ನು ಹಿಡಿಯುತ್ತದೆ. ಆ ನಾಲ್ಕನ್ನು ಬಿಟ್ಟರೆ ಸರಾಸರಿ ಸರಿಯಾಗಿ 3 ಲಕ್ಷ. ಇನ್ನೊಂದು ವಿಚಿತ್ರವಿದೆ: ಅಂಕಿಯನ್ನು ಅಕ್ಷರದ ರೂಪದಲ್ಲಿ ನಮೂದಿಸಿದ್ದರೆ ಅದು ಕಣ್ಣಿಗೆ ಅಂಕಿಯಂತೆಯೇ ಕಾಣುತ್ತದೆ, ಆದರೆ ಸರಾಸರಿಯ ಸೂತ್ರ ಅದನ್ನು ಸದ್ದಿಲ್ಲದೆ ಹಾರಿ ಹೋಗುತ್ತದೆ. ‘ಗೊತ್ತಿಲ್ಲ’ ಎಂಬುದಕ್ಕೂ ‘ಏನೂ ಇಲ್ಲ’ ಎಂಬುದಕ್ಕೂ ಇರುವ ವ್ಯತ್ಯಾಸ ನಮ್ಮ ಕಚೇರಿಗಳಿಗೇ ಇನ್ನೂ ಪೂರ್ತಿ ತಿಳಿದಿಲ್ಲ; ಹುಡುಗಿಯನ್ನು ಏಕೆ ದೂರಬೇಕು?

ಸಹಸಂಬಂಧ 0.81 ಬಂದಿತ್ತು. ಜಾಹೀರಾತು ಹೆಚ್ಚಿದಂತೆ ಮಾರಾಟ ಹೆಚ್ಚುತ್ತದೆ ಎಂಬ ತೀರ್ಮಾನವನ್ನೂ ಬರೆದಾಗಿತ್ತು. ಚುಕ್ಕಿಗಳ ನಕ್ಷೆ ಹಾಕು ಎಂದೆ. ಐವತ್ತೊಂಬತ್ತು ಚುಕ್ಕಿಗಳು ಎಡಗಡೆಯ ಕೆಳಮೂಲೆಯಲ್ಲಿ ಅಕ್ಕಿ ಚೆಲ್ಲಿದ ಹಾಗೆ ಬಿದ್ದಿದ್ದವು. ಒಂದೇ ಒಂದು ಚುಕ್ಕಿ ಬಲಗಡೆಯ ಮೇಲ್ತುದಿಯಲ್ಲಿ ಒಂಟಿಯಾಗಿ ನಿಂತಿತ್ತು. ಉಳಿದ ಅಂಗಡಿಗಳು ಜಾಹೀರಾತಿಗೆ ನಲವತ್ತು ಸಾವಿರ ದಾಟದಿದ್ದಾಗ ಆ ಒಂದು ಅಂಗಡಿ ಮೂರು ಲಕ್ಷ ಖರ್ಚು ಮಾಡಿ ಹದಿನಾಲ್ಕು ಲಕ್ಷದ ವ್ಯಾಪಾರ ಮಾಡಿತ್ತು. ಅದನ್ನು ತೆಗೆದು ನೋಡಿದರೆ 0.81 ಇದ್ದದ್ದು 0.19ಕ್ಕೆ ಇಳಿಯಿತು. ನಲವತ್ತು ಸಾವಿರಕ್ಕೂ ಮೂರು ಲಕ್ಷಕ್ಕೂ ನಡುವೆ ಒಂದಾದರೂ ಅಂಗಡಿ ಇಲ್ಲದಿರುವಾಗ ಎರಡು ಲಕ್ಷದ ಅಂದಾಜನ್ನು ಯಾವ ಆಧಾರದ ಮೇಲೆ ಹೇಳುವುದು? ದೊಡ್ಡ ಅಂಗಡಿಗೆ ವ್ಯಾಪಾರ ಹೆಚ್ಚಾದ್ದರಿಂದ ಜಾಹೀರಾತಿಗೆ ದುಡ್ಡಿದೆಯೋ, ಜಾಹೀರಾತಿನಿಂದ ವ್ಯಾಪಾರ ಹೆಚ್ಚಿತೋ ಎಂಬ ಪ್ರಶ್ನೆಯಂತೂ ಹಾಗೆಯೇ ಉಳಿಯಿತು.

ಇದನ್ನು ಫ್ರಾನ್ಸಿಸ್ ಆನ್‌ಸ್ಕಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು 1973ರಲ್ಲೇ ತೋರಿಸಿಕೊಟ್ಟಿದ್ದರು. ಅವರು ಹನ್ನೊಂದು ಹನ್ನೊಂದು ಜೋಡಿಗಳ ನಾಲ್ಕು ಅಂಕಿಪಟ್ಟಿಗಳನ್ನು ರಚಿಸಿದರು. ನಾಲ್ಕರಲ್ಲೂ ಮೊದಲ ಕಾಲಂನ ಸರಾಸರಿ 9, ಎರಡನೆಯದರ ಸರಾಸರಿ 7.5, ಸಹಸಂಬಂಧ ಸುಮಾರು 0.82, ಹಿಂಚಲನ ರೇಖೆಯೂ ಒಂದೇ. ನಕ್ಷೆ ಬರೆದರೆ ಮಾತ್ರ ಒಂದು ಚದುರಿದ ಚುಕ್ಕಿಗಳ ಸಾಲು, ಇನ್ನೊಂದು ಬಾಗಿದ ಬಿಲ್ಲು, ಮೂರನೆಯದು ಒಂದು ಚುಕ್ಕಿ ಮಾತ್ರ ದಾರಿ ತಪ್ಪಿದ ನೇರ ಗೆರೆ, ನಾಲ್ಕನೆಯದು ಮೊಮ್ಮಗಳ ಅಂಗಡಿಗಳಂತೆ ಒಂಟಿ ಚುಕ್ಕಿಯ ಭುಜದ ಮೇಲೆ ನಿಂತದ್ದು. ಮೇಜಿನ ಮೇಲೆ ಕಂಪ್ಯೂಟರು ಇನ್ನೂ ಬಂದಿರದ ಕಾಲದಲ್ಲಿ, ಲೆಕ್ಕ ಸಾಕು, ನಕ್ಷೆ ಬೇಕಿಲ್ಲ ಎನ್ನುವವರಿಗಾಗಿ ಅವರು ಮಾಡಿದ ಕೆಲಸವಿದು.

ವಿದ್ಯಾರ್ಥಿಗಳ ಮಟ್ಟದ ತಪ್ಪು ವಿದ್ವಾಂಸರಿಂದ ಆಗುವುದಿಲ್ಲವೆಂದು ಭಾವಿಸಬೇಕಾಗಿಲ್ಲ. ಹೆಸರಾಂತ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಎರಡನೆಯ ಮಹಾಯುದ್ಧದ ನಂತರದ ಅವಧಿಯಲ್ಲಿ, ಸರ್ಕಾರದ ಸಾಲವು ರಾಷ್ಟ್ರೀಯ ಉತ್ಪನ್ನದ ಶೇ 90 ಮೀರಿದ ಮುಂದುವರಿದ ದೇಶಗಳ ಬೆಳವಣಿಗೆಯ ಸರಾಸರಿ ಸೊನ್ನೆಗಿಂತ ಕೆಳಗೆ, ಅಂದರೆ ಶೇ -0.1 ಎಂಬುದು ಅವರ ಲೆಕ್ಕ. ಯೂರೋಪು, ಅಮೆರಿಕಗಳಲ್ಲಿ ಸರ್ಕಾರಿ ವೆಚ್ಚ ಕಡಿತಕ್ಕೆ ವಾದಿಸಿದವರು ಆ 90ರ ಗೆರೆಯನ್ನು ಮತ್ತೆ ಮತ್ತೆ ಉದ್ಧರಿಸಿದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕೇಂದ್ರದಲ್ಲಿ ಓದುತ್ತಿದ್ದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಗೆ, ಯಾವುದಾದರೂ ಪ್ರಕಟಿತ ಲೆಕ್ಕವನ್ನು ಮರಳಿ ಮಾಡಿ ತೋರಿಸುವ ಅಸೈನ್‌ಮೆಂಟ್ ಬಂತು. ಈ ಪ್ರಬಂಧದ ಉತ್ತರ ಅವನಿಗೆ ಎಷ್ಟು ಮಾಡಿದರೂ ಬರಲಿಲ್ಲ. ಲೇಖಕರಿಗೇ ಬರೆದು ಕೇಳಿದ. ಅವರು ತಮ್ಮ ಸ್ಪ್ರೆಡ್‌ಶೀಟ್ ಕಳಿಸಿಕೊಟ್ಟರು. ನೋಡಿದರೆ, ಸರಾಸರಿಯ ಸೂತ್ರ ಇಪ್ಪತ್ತು ದೇಶಗಳ ಸಾಲುಗಳ ಪೈಕಿ ಹದಿನೈದನ್ನು ಮಾತ್ರ ಆವರಿಸಿತ್ತು. ಅಕ್ಷರಾನುಕ್ರಮದಲ್ಲಿ ಮೊದಲು ಬರುವ ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಹೊರಗೆ ಉಳಿದಿದ್ದವು.

ಪತ್ರಿಕೆಗಳಿಗೆ ಈ ಸೂತ್ರದ ತಪ್ಪು ರಸವತ್ತಾದ ಸುದ್ದಿಯಾಯಿತು. ಆದರೆ ಹರ್ನ್‌ಡನ್ ತನ್ನ ಅಧ್ಯಾಪಕರಾದ ಮೈಕೆಲ್ ಆ್ಯಶ್, ರಾಬರ್ಟ್ ಪೋಲಿನ್ ಜೊತೆ 2013ರಲ್ಲಿ ಹೊರತಂದ ಪ್ರಬಂಧವನ್ನು ಓದಿದರೆ ಆ ತಪ್ಪಿನ ಪಾಲು ಚಿಕ್ಕದು. ಕೆಲವು ದೇಶಗಳ ಕೆಲವು ವರ್ಷಗಳ ಅಂಕಿ ಬಿಟ್ಟುಹೋಗಿದ್ದವು. ಜೊತೆಗೆ ತೂಕದ ಪ್ರಶ್ನೆ. ಬ್ರಿಟನ್ ಹತ್ತೊಂಬತ್ತು ವರ್ಷ ಅಂಥ ಸಾಲದಲ್ಲಿದ್ದು ಸರಾಸರಿ ಶೇ 2.4ರಷ್ಟು ಬೆಳೆದಿತ್ತು, ನ್ಯೂಜಿಲೆಂಡಿನಿಂದ ಲೆಕ್ಕಕ್ಕೆ ಬಂದದ್ದು 1951ರ ಒಂದೇ ವರ್ಷ, ಬೆಳವಣಿಗೆ ಶೇ -7.6. ಸರಾಸರಿ ತೆಗೆಯುವಾಗ ಎರಡು ದೇಶಗಳಿಗೂ ಸಮನಾದ ತೂಕ! ಸರಳ ಸರಾಸರಿ ಯಾವಾಗ, ತೂಕದ ಸರಾಸರಿ ಯಾವಾಗ ಎಂಬುದು ಬಿ.ಕಾಂ. ಪಠ್ಯಪುಸ್ತಕದ ಆರಂಭದ ಅಧ್ಯಾಯಗಳಲ್ಲೇ ಇದೆ. ಎಲ್ಲವನ್ನೂ ಸರಿಪಡಿಸಿದಾಗ -0.1ರ ಜಾಗದಲ್ಲಿ 2.2 ಬಂತು. ಮೂಲ ಲೇಖಕರು ಸೂತ್ರದ ತಪ್ಪನ್ನು ಒಪ್ಪಿಕೊಂಡರು. ಸಾಲ ಹೆಚ್ಚಿದ ಕಡೆ ಬೆಳವಣಿಗೆ ಕುಂಠಿತವಾಗುತ್ತದೆಂಬ ತಮ್ಮ ವಾದವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಆ ಚರ್ಚೆ ಬೇರೆ. ಕೇಳಿದೊಡನೆ ಅವರು ಫೈಲು ಕಳಿಸಿದರಲ್ಲ, ಅದನ್ನು ಮೆಚ್ಚಬೇಕು. ನಾನು ಕಂಡ ಎಷ್ಟೋ ಇಲಾಖೆಗಳಲ್ಲಿ ಅದು ಆಗುವ ಮಾತಲ್ಲ.

ಪರದೇಶದ ಪ್ರಾಧ್ಯಾಪಕರ ತಪ್ಪು ಎಣಿಸಿದ ಮೇಲೆ ನನ್ನದನ್ನು ಮುಚ್ಚಿಡುವುದು ನ್ಯಾಯವಲ್ಲ.

1990ರ ದಶಕದ ಕೊನೆಯ ಭಾಗ, ಮಳೆ ಕೈಕೊಟ್ಟ ವರ್ಷ. ನಾನಿದ್ದ ಕಚೇರಿಗೆ ಆಗಷ್ಟೇ ಎರಡು ಕಂಪ್ಯೂಟರುಗಳು ಬಂದಿದ್ದವು. ಒಂದು ಹೋಬಳಿಯ ನಾನೂರಕ್ಕೂ ಹೆಚ್ಚು ರೈತರಿಗೆ ಬೆಳೆ ಹಾನಿ ಪರಿಹಾರ ಕೊಡಬೇಕಾಗಿತ್ತು. ಪಟ್ಟಿಯಲ್ಲಿ ರೈತರ ಹೆಸರು, ತಂದೆ ಅಥವಾ ಗಂಡನ ಹೆಸರು, ಸರ್ವೆ ನಂಬರು, ಹಾನಿಯಾದ ವಿಸ್ತೀರ್ಣ. ಆಮೇಲೆ ನೋಡಲು ಚೆನ್ನಾಗಿರಲೆಂದು ಬಿಟ್ಟ ಒಂದು ಖಾಲಿ ಕಾಲಂ. ಕೊನೆಯಲ್ಲಿ ಪರಿಹಾರದ ಮೊತ್ತ. ಮೊತ್ತಕ್ಕೆ ಸೂತ್ರವಿರಲಿಲ್ಲ, ಬೇರೆಡೆ ಲೆಕ್ಕ ಹಾಕಿ ತಂದು ಟೈಪು ಮಾಡಿದ್ದರು. ಹೆಸರು ಹುಡುಕಲು ಸುಲಭವಾಗಲಿ ಎಂದು ಗುಮಾಸ್ತರು ಪಟ್ಟಿಯನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿದರು. ಸ್ಪ್ರೆಡ್‌ಶೀಟ್ ಖಾಲಿ ಕಾಲಂ ಬಂದಲ್ಲಿಗೆ ಪಟ್ಟಿ ಮುಗಿಯಿತೆಂದು ತಿಳಿಯುತ್ತದೆ. ಇಂದಿನ ಎಕ್ಸೆಲ್ ಕೂಡ ಹಾಗೆಯೇ. ಎಡಗಡೆಯ ನಾಲ್ಕು ಕಾಲಂಗಳು ಹೊಸ ಕ್ರಮಕ್ಕೆ ಸರಿದವು, ಬಲಗಡೆಯ ಮೊತ್ತಗಳು ಇದ್ದಲ್ಲಿಯೇ ಇದ್ದವು. ಹೀಗೆ ಪ್ರತಿಯೊಬ್ಬರ ಹೆಸರಿನ ಮುಂದೆ ಮತ್ತೊಬ್ಬರ ಹಣ ಬಂದು ಕೂತಿತು.

ನಾನು ಒಟ್ಟು ಮೊತ್ತವನ್ನು ಮಂಜೂರಾದ ಮೊತ್ತದೊಡನೆ ತಾಳೆ ನೋಡಿದೆ. ಒಂದು ರೂಪಾಯಿಯೂ ಹೆಚ್ಚು ಕಡಿಮೆ ಇರಲಿಲ್ಲ. ಸಹಿ ಹಾಕಿದೆ. ಚೆಕ್ಕುಗಳ ವಿತರಣೆ ಆರಂಭವಾಯಿತು.

ಮೂರನೆಯ ದಿನ ಒಬ್ಬ ಹೆಣ್ಣುಮಗಳು ಪಹಣಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದಳು. ‘ಸಾಮಿ, ನನ್ನ ಹೊಲ ಎರಡೂವರೆ ಎಕರೆ, ಪಕ್ಕದವನದು ಒಂದೆಕರೆ. ಅವನಿಗೆ ಜಾಸ್ತಿ, ನನಗೆ ಕಮ್ಮಿ. ಇದು ಯಾವ ಲೆಕ್ಕ?’ ಎಂದು ಕೇಳಿದಳು. ಒಟ್ಟು ತಾಳೆಯಾಗಿದೆಯೆಂಬ ಧೈರ್ಯದಲ್ಲಿ, ಅರ್ಜಿ ಕೊಟ್ಟು ಹೋಗಮ್ಮ ಎಂದು ಕಳಿಸಿದೆ. ಮಾರನೆಯ ದಿನ ಇನ್ನೂ ಐದಾರು ಜನ ಬಂದರು. ಬಂದವರೆಲ್ಲ ಕಡಿಮೆ ಸಿಕ್ಕವರು; ಹೆಚ್ಚು ಸಿಕ್ಕವರು ಯಾರೂ ಬರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಅಂದು ಸಂಜೆ ಪ್ರತಿ ಸಾಲಿನಲ್ಲೂ ಮೊತ್ತವನ್ನು ವಿಸ್ತೀರ್ಣದಿಂದ ಭಾಗಿಸಿ ನೋಡಿ ಎಂದೆ. ಬೆಳೆಗೆ ತಕ್ಕಂತೆ ಎರಡೋ ಮೂರೋ ದರಗಳು ಬರಬೇಕಾಗಿದ್ದಲ್ಲಿ ನೂರಾರು ದರಗಳು ಬಂದವು. ಎಂ.ಎ. ಓದಿದ ಚಪಲಕ್ಕೆ ವಿಸ್ತೀರ್ಣ ಮತ್ತು ಮೊತ್ತಗಳ ಸಹಸಂಬಂಧವನ್ನೂ ತೆಗೆದೆ. ಒಂದರ ಹತ್ತಿರ ಇರಬೇಕಾದದ್ದು ಸೊನ್ನೆಯ ಹತ್ತಿರ ಇತ್ತು. ಮೊತ್ತ ಕದಲಿರಲಿಲ್ಲ, ಸರಾಸರಿ ಕದಲಿರಲಿಲ್ಲ, ಮಾನಕ ವಿಚಲನೆಯೂ ಕದಲಿರಲಿಲ್ಲ. ಒಂದು ಕಾಲಂ ಅನ್ನು ಹೇಗೆ ಕಲಸಿದರೂ ಈ ಮೂರು ಬದಲಾಗವು. ನಾನು ತಾಳೆ ನೋಡಿದ್ದು ಸರಿಯಾಗಿ ಆ ತಪ್ಪನ್ನು ಹಿಡಿಯಲಾರದ ಅಂಕಿಯನ್ನೇ. ಓದುಬರಹ ಬಾರದ ಹೆಣ್ಣುಮಗಳು ಅಕ್ಕಪಕ್ಕದ ಎರಡು ಹೊಲಗಳನ್ನು ಹೋಲಿಸಿ ಅದನ್ನು ಹಿಡಿದಿದ್ದಳು.

ವಿತರಣೆ ನಿಲ್ಲಿಸುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಚೆಕ್ಕುಗಳು ನಗದಾಗಿದ್ದವು. ಹೆಚ್ಚು ಪಡೆದವರಿಗೆ ನೋಟಿಸು ಕೊಟ್ಟೆವು. ಸಾಲ ತೀರಿಸಿಬಿಟ್ಟಿದ್ದೇವೆ, ಎಲ್ಲಿಂದ ತರೋಣ ಎಂದರು. ಸುಳ್ಳೇನೂ ಅಲ್ಲ. ಕಡಿಮೆ ಸಿಕ್ಕವರಿಗೆ ಹೊಸ ಮಂಜೂರಾತಿ ತರಲು ಕಾಗದಗಳು ಎಷ್ಟು ಮೇಜು ಹತ್ತಿ ಇಳಿದವೋ. ಆ ಹೆಣ್ಣುಮಗಳಿಗೆ ಬಾಕಿ ಹಣ ಸಿಕ್ಕಿದ್ದು ಮುಂದಿನ ಮುಂಗಾರಿನ ಬಿತ್ತನೆ ಮುಗಿದ ಮೇಲೆ. ಆ ವರ್ಷ ಅವಳ ಹೊಲ ಬೀಳು ಬಿದ್ದಿತ್ತೆಂದು ಗ್ರಾಮಲೆಕ್ಕಿಗರು ಹೇಳಿದರು. ಗುಮಾಸ್ತರ ಮೇಲೆ ಕ್ರಮ ಕೈಗೊಳ್ಳಬೇಕೆಂದು ಮೇಲಿನಿಂದ ಸೂಚನೆ ಬಂತು; ಸಹಿ ನನ್ನದು ಎಂದು ಬರೆದು ಕಳಿಸಿದೆ. ಅದೊಂದನ್ನು ಮಾತ್ರ ಆಗ ಸರಿಯಾಗಿ ಮಾಡಿದೆನೆಂದು ಕಾಣುತ್ತದೆ.

ಯಂತ್ರವೂ ತನ್ನ ಪಾಲಿನ ಕಿತಾಪತಿ ಮಾಡುತ್ತದೆ. ಸರ್ವೆ ನಂಬರ್ 12/3 ಎಂದು ಟೈಪು ಮಾಡಿದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ. ತಳಿವಿಜ್ಞಾನಿಗಳ ಕೆಲವು ಜೀನ್‌ಗಳ ಹೆಸರುಗಳೂ ಹೀಗೆಯೇ ಮಾರ್ಚ್, ಸೆಪ್ಟೆಂಬರ್ ತಾರೀಖುಗಳಾಗುತ್ತಿದ್ದವು. ಕೊನೆಗೆ 2020ರಲ್ಲಿ ಆ ಜೀನ್‌ಗಳ ಹೆಸರನ್ನೇ ಬದಲಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸದ ಹಳೆಯ ಮಾದರಿಯ ಫೈಲಿನಿಂದಾಗಿ 15,841 ಕೋವಿಡ್ ಪ್ರಕರಣಗಳು ದಿನದ ಎಣಿಕೆಯಿಂದ ಬಿಟ್ಟುಹೋದವು. ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು.

ಈ ಕಥೆಗಳನ್ನೆಲ್ಲ ಕೇಳಿದ ಮೇಲೆ ಮೊಮ್ಮಗಳು ಕೇಳಿದ್ದು ನ್ಯಾಯವಾದ ಪ್ರಶ್ನೆ: ‘ತಾತ, ಸರ್ ಹತ್ತಿರ ಇರುವ ಉತ್ತರದಲ್ಲಿ 0.81 ಅಂತಲೇ ಇರುತ್ತದೆ. ನಾನು ಯಾವುದನ್ನು ಬರೆಯಲಿ?’ ಎರಡನ್ನೂ ಬರೆ ಎಂದೆ. ಸೊನ್ನೆಯ ನಾಲ್ಕು ಅಂಗಡಿಗಳ ಬಗ್ಗೆ ಅಧ್ಯಾಪಕರನ್ನೇ ಕೇಳು ಎಂದೆ. ಅವಳು ಕೇಳಿದಳಂತೆ, ಆ ಫೈಲು ತಮಗೂ ಯಾರಿಂದಲೋ ಬಂದದ್ದು ಎಂದರಂತೆ. ಅಸೈನ್‌ಮೆಂಟಿನ ಕೊನೆಗೆ ಚುಕ್ಕಿಗಳ ನಕ್ಷೆಯನ್ನೂ ಒಂಟಿ ಅಂಗಡಿಯ ಬಗ್ಗೆ ಅರ್ಧ ಪುಟವನ್ನೂ ಸೇರಿಸಿ ಒಪ್ಪಿಸಿದಳು.

ಕಳೆದ ವಾರ ಅದು ಮರಳಿ ಬಂದಿದೆ. ಹತ್ತಕ್ಕೆ ಎಂಟು. ಅರ್ಧ ಪುಟದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಹೀಗೆ ಬರೆದಿತ್ತು: ‘ಕೇಳಿದ್ದಕ್ಕೆ ಮಾತ್ರ ಉತ್ತರಿಸಿ.’