ಮುದಗಲ್ಲಿನ ಕಾಲೇಜಿಗೆ ಮೊದಲ ಹೆಜ್ಜೆ

ಮುದಗಲ್ಲಿನ ಕೋಟೆಯನ್ನು ಕುರಿತು ಇತಿಹಾಸಕಾರ ಫೆರಿಸ್ತಾ ಬರೆದಿಟ್ಟ ಕಥೆಯೊಂದುಂಟು. ಈ ಊರಿನ ಅಕ್ಕಸಾಲಿಗನ ಮಗಳ ರೂಪಗುಣಗಳ ವರ್ಣನೆಯನ್ನು ಕೇಳಿದ ವಿಜಯನಗರದ ಅರಸು, ಅವಳನ್ನು ಅರಮನೆಗೆ ಕರೆತರುವಂತೆ ಹೇಳಿ ಕಳುಹಿಸಿದನಂತೆ. ತಾಯಿತಂದೆಯರು ಹಿಗ್ಗಿದರು. ಹುಡುಗಿ ಮಾತ್ರ ಒಲ್ಲೆನೆಂದಳು. ಅರಮನೆಯನ್ನು ಹೊಕ್ಕ ಹೆಣ್ಣು ಮತ್ತೆ ತನ್ನವರ ಮುಖವನ್ನು ಕಾಣುವಂತಿಲ್ಲವೆಂಬುದೇ ಅವಳ ಭಯ. 1406ರಲ್ಲಿ ವಿಜಯನಗರಕ್ಕೂ ಬಹಮನಿ ಸುಲ್ತಾನ ಫಿರೋಜಷಹನಿಗೂ ನಡೆದ ಯುದ್ಧಕ್ಕೆ ಇದೇ ನೆಪವಾಯಿತೆಂದು ಫೆರಿಸ್ತಾ ಹೇಳುತ್ತಾನೆ.

ಕಥೆಯಲ್ಲಿ ನಿಜವೆಷ್ಟೆಂಬುದನ್ನು ಪಂಡಿತರು ನಿರ್ಣಯಿಸಲಿ. ಆದರೆ ಹುಡುಗಿಯ ಆ ಅಳುಕು ಮಾತ್ರ ನಮ್ಮ ಸೀಮೆಗೆ ಹೊಸದಲ್ಲ. ಮಕ್ಕಳನ್ನು ಕಾಲೇಜಿಗೆ ಕಳುಹಿಸುವ ಮಾತು ಬಂದಾಗಲೆಲ್ಲ, ನಮ್ಮ ಹಳ್ಳಿಯ ಮನೆಗಳಲ್ಲಿ ಎಷ್ಟೋ ಕಾಲ ಕೇಳಿಬರುತ್ತಿದ್ದುದು ಅದೇ ಪ್ರಶ್ನೆ: "ಹೋದ ಕೂಸು ನಮ್ಮದಾಗಿ ಮರಳಿ ಬಂದೀತೆ?"

ನಮ್ಮ ತಂದೆಯವರ ಕಾಲದಲ್ಲಿ ಮುದಗಲ್ಲು ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಪದವಿ ಬೇಕೆನ್ನುವವರು ಹೈದರಾಬಾದಿನ ದಾರಿಯನ್ನು ಹಿಡಿಯಬೇಕಾಗಿತ್ತು. ಅಲ್ಲಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡವನ್ನಷ್ಟೇ ಆಡಿ ಬೆಳೆದ ಹುಡುಗನಿಗೆ ಊರೂ ದೂರ, ಪಾಠದ ಮಾತೂ ದೂರ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದೊಡನೆ ಸೇರಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಬಂದಿತು. ರಾಜ್ಯ ಬದಲಾದರೂ ಕಾಲೇಜು ಒಡನೆಯೇ ನಮ್ಮ ಬಾಗಿಲಿಗೆ ಬರಲಿಲ್ಲ.

ಕೇಳದೆ ಉಳಿದ ಪ್ರಶ್ನೆ

1972ರಲ್ಲಿ ನಾನು ಕಾಲೇಜು ಸೇರಲೆಂದು ಸುಮಾರು ನೂರು ಕಿಲೋಮೀಟರ್ ದೂರದ ಪಟ್ಟಣಕ್ಕೆ ಹೊರಟೆ. ತಗಡಿನ ಪೆಟ್ಟಿಗೆಯಲ್ಲಿ ಎರಡು ಜೊತೆ ಬಟ್ಟೆ. ಚೀಲದಲ್ಲಿ ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಹಳ್ಳಿಯ ಶಾಲೆಯಲ್ಲಿ ಜಾಣನೆಂದು ಹೆಸರಾಗಿದ್ದ ನನಗೆ, ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಪಾಠ ಮೂರು ವಾರವಾದರೂ ಮಳೆಯ ಸದ್ದಿನಂತೆಯೇ ಕೇಳುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಎದ್ದುನಿಂತು, ಕನ್ನಡದಲ್ಲಿ ಒಂದು ಸಂದೇಹವನ್ನು ಕೇಳಿದೆ. "ಇಂಗ್ಲಿಷಿನಲ್ಲಿ ಕೇಳು" ಎಂದರು ಅಧ್ಯಾಪಕರು. ತರಗತಿಯೆಲ್ಲ ನಕ್ಕಿತು. ಆಮೇಲೆ ನಾನು ಬಾಯಿ ತೆರೆಯಲಿಲ್ಲ. ದೀಪಾವಳಿಗೆಂದು ಊರಿಗೆ ಬಂದವನು ಮರಳಿ ಹೋಗಲೂ ಇಲ್ಲ.

ತಂದೆಯವರ ಒತ್ತಾಯದಿಂದ ಮರುವರ್ಷ ಮತ್ತೆ ಸೇರಿದೆನೆನ್ನಿ. ಆದರೆ ಕಳೆದುಹೋದ ಆ ಒಂದು ವರ್ಷ ನನಗೆ ಒಂದು ಸಂಗತಿಯನ್ನು ಕಲಿಸಿತು. ನನ್ನಲ್ಲಿ ಕೊರತೆಯಾಗಿದ್ದುದು ಬುದ್ಧಿಯಲ್ಲ. ಕೇಳಿ ತಿಳಿದುಕೊಳ್ಳಲು ಒಬ್ಬ ಆಪ್ತ ವ್ಯಕ್ತಿ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲನ್ನು ಹತ್ತಿದವರೇ ಇರಲಿಲ್ಲವಲ್ಲ!

ಈಗ ಕಾಲ ಬದಲಾಗಿದೆ. ಮುದಗಲ್ಲಿನಲ್ಲಿಯೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಂಟು. ಲಿಂಗಸೂಗೂರು, ಸಿಂಧನೂರು, ಮಸ್ಕಿಗಳಲ್ಲಿಯೂ ಉಂಟು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾನಿಲಯ ಹುಟ್ಟಿತು; ಈಚೆಗೆ ರಾಯಚೂರಿಗೂ ತನ್ನದೇ ವಿಶ್ವವಿದ್ಯಾನಿಲಯ ಬಂದಿದೆ. ಅಮೆರಿಕದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿಯೇ ಇಂಥದೊಂದು ಯತ್ನ ನಡೆಯಿತು. ಮನೆಯನ್ನು ಬಿಟ್ಟು ದೂರ ಹೋಗಲಾರದ ಮಕ್ಕಳು ಪದವಿಯ ಮೊದಲ ಎರಡು ವರ್ಷಗಳನ್ನು ತಮ್ಮ ಊರಿನಲ್ಲಿಯೇ ಓದಲೆಂದು ಅಲ್ಲಿ ಕಿರಿಯ ಕಾಲೇಜನ್ನು ತೆರೆದರು. ಅಲ್ಲಿನ ಜನ ಈಗ ಇಂಥವನ್ನು ಕಮ್ಯುನಿಟಿ ಕಾಲೇಜು ಎನ್ನುತ್ತಾರೆ. ನಮ್ಮ ತಾಲ್ಲೂಕಿನ ಕಾಲೇಜುಗಳು ಪೂರ್ಣ ಪದವಿಯನ್ನೇ ಕೊಡುತ್ತವೆ. ಆದರೂ ಎರಡರ ಹುರುಳು ಒಂದೇ. ವಿದ್ಯೆ ಬೇಕಾದವನು ವಿದ್ಯೆಯಿದ್ದಲ್ಲಿಗೆ ಹೋಗಲಾರದಿದ್ದರೆ, ವಿದ್ಯೆಯೇ ಅವನ ಊರಿಗೆ ಬರಬೇಕು.

ಅಂಗಡಿಯ ಖಾತೆ ಪುಸ್ತಕ

ನನ್ನ ತಮ್ಮನ ಮೊಮ್ಮಗಳು ಈ ಕಾಲೇಜಿನಲ್ಲಿ ಬಿ.ಕಾಂ. ತರಗತಿಗೆ ಸೇರಿದಳು. ನಮ್ಮ ಮನೆಯಿಂದ ಕಾಲೇಜಿಗೆ ಹೋದ ಮೊದಲ ಹೆಣ್ಣುಮಗಳು ಅವಳೇ. ಹಳ್ಳಿಯಿಂದ ಬೆಳಗಿನ ಬಸ್ಸು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ದೆಸೆಯಿಂದ ಟಿಕೆಟ್ಟಿಗೆ ಕಾಸು ಕೇಳುವ ಪ್ರಮೇಯವಿಲ್ಲ. ಸಂಜೆಗೆ ಮನೆ. ಇನ್ನೇನು ಬೇಕೆಂದು ನಾವೆಲ್ಲ ನಿಶ್ಚಿಂತರಾಗಿದ್ದೆವು.

ದಸರೆಯ ಹೊತ್ತಿಗೆ ಹುಡುಗಿಯ ಮುಖ ಬಾಡತೊಡಗಿತು. ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ ಬೇರೆ ತಲೆಯ ಮೇಲೆ ಬಂದಿತ್ತು. "ತಿಳೀಲಾರದ ಓದಿಗೆ ದಿನಾ ಬಸ್ ಹತ್ತಿ ಯಾಕ ಹೋಗಬೇಕು? ನಾಳಿಂದ ಹೊಲಕ್ಕ ಬಾ" ಎಂದಳು ತಾಯಿ. ಹುಡುಗಿ ಎದುರಾಡಲಿಲ್ಲ. ನನಗೆ ಎದೆ ಧಸಕ್ಕೆಂದಿತು. 1972ರ ದೀಪಾವಳಿ ಕಣ್ಣಮುಂದೆ ಬಂದು ನಿಂತಿತು.

ಆ ರಾತ್ರಿ ಅವಳನ್ನು ಹತ್ತಿರ ಕೂರಿಸಿಕೊಂಡು ಕೇಳಿದೆ.

"ಡೆಬಿಟ್, ಕ್ರೆಡಿಟ್ ಅಂತಾರ, ಮುತ್ಯಾ. ಎಲ್ಲಾರಿಗೂ ತಿಳದಂಗ ಕಾಣ್ತದ. ನನಗೊಬ್ಬಾಕಿಗೇ ತಿಳೀವಲ್ದು."

ನಾನು ಎದ್ದುಹೋಗಿ ಅವಳ ತಂದೆಯ ಕಿರಾಣಿ ಅಂಗಡಿಯ ಖಾತೆ ಪುಸ್ತಕವನ್ನು ತಂದೆ. "ಸಾಲಕ್ಕೆ ಬೆಲ್ಲ ಒಯ್ದವನ ಹೆಸರಿಗೆ ನಿಮ್ಮಪ್ಪ ಏನ್ ಬರೀತಾನ?"

"ಖರ್ಚು."

"ಅವನು ರೊಕ್ಕ ತಂದು ಕೊಟ್ಟಾಗ?"

"ಜಮಾ."

"ಪಡೆದವನಿಗೆ ಖರ್ಚು, ಕೊಟ್ಟವನಿಗೆ ಜಮಾ. ಅದೇ ಡೆಬಿಟ್, ಅದೇ ಕ್ರೆಡಿಟ್."

ಹುಡುಗಿ ಬಹಳ ಹೊತ್ತು ಪುಸ್ತಕವನ್ನೇ ನೋಡುತ್ತ ಕುಳಿತಳು. "ಇಷ್ಟೇ ಏನ್, ಮುತ್ಯಾ?" ಎಂದಳು. ಆ ಮಾತಿನಲ್ಲಿ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಾಗಿದ್ದಿತು. ಹುಟ್ಟಿದಂದಿನಿಂದ ಕಂಡ ವಿದ್ಯೆಯೇ ಪರಭಾಷೆಯ ಅಂಗಿಯನ್ನು ತೊಟ್ಟುಬಂದು ಎರಡು ತಿಂಗಳು ತನ್ನನ್ನು ಹೆದರಿಸಿತೆಂದು ತಿಳಿದರೆ ಯಾರಿಗೆ ಸಿಟ್ಟು ಬಾರದು? ತಾಯಿಯೂ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕೇಳಿದ್ದಳು. ಮರುದಿನ ನಸುಕಿನಲ್ಲಿ ರೊಟ್ಟಿಯ ಬುತ್ತಿಯನ್ನು ಕಟ್ಟಿದವಳು ಅವಳೇ.

ತಾಯಿತಂದೆಯರಿಗೆ ಒಂದು ಮಾತು

ಮನೆಯಿಂದ ಮೊದಲ ಬಾರಿಗೆ ಕಾಲೇಜಿಗೆ ಹೋಗುವ ಮಕ್ಕಳಿಗೆ ಮೊದಲ ಮೂರು ತಿಂಗಳೇ ಕಠಿಣ. ಆರಂಭದಲ್ಲಿಯೇ ಕಾಗದಪತ್ರಗಳ ಓಡಾಟ: ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ನಮ್ಮ ಭಾಗದ ಮಕ್ಕಳಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿಗೆ ದಾರಿ ಮಾಡಿದೆ. ಅದರ ಪ್ರಮಾಣಪತ್ರವನ್ನೂ ಕಾಲಕ್ಕೆ ಮೊದಲೇ ಮಾಡಿಸಿಡುವುದು ಒಳ್ಳೆಯದು. ಇವೆಲ್ಲ ಓಡಾಡಿದರೆ ದೊರೆಯುವಂಥವು. ಆದರೆ "ನನಗೆ ತಿಳಿಯಲಿಲ್ಲ" ಎಂದು ಹೇಳುವ ಧೈರ್ಯವನ್ನು ಯಾವ ಕಚೇರಿಯೂ ಕೊಡದು. ಅದು ಮನೆಯಲ್ಲಿ ಹುಟ್ಟಬೇಕು. ಸಂಜೆ ಮಗು ಬಂದಾಗ "ಎಷ್ಟು ಅಂಕ ಬಂತು?" ಎಂದು ಕೇಳುವುದಕ್ಕಿಂತ, "ಇಂದು ಏನನ್ನು ಕೇಳಿದೆ?" ಎಂದು ವಿಚಾರಿಸಿ ನೋಡಿರಿ. ಓದು ಬಾರದ ತಾಯಿಯೂ ಕೇಳಬಹುದಾದ ಪ್ರಶ್ನೆ ಅದು.

ನಮ್ಮ ಹುಡುಗಿಗೆ ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಹೆಚ್ಚೇನೂ ಬರಲಿಲ್ಲ. ಆದರೆ ಅವಳು ಬೆಳಗಿನ ಬಸ್ಸನ್ನು ತಪ್ಪಿಸುವುದಿಲ್ಲ. ಹತ್ತಿ ಬಿಡಿಸುವ ಕೆಲಸ ಭಾನುವಾರಕ್ಕೆ ಸರಿದಿದೆ. ಸಂಜೆಯ ಬಸ್ಸು ಊರ ಮುಂದೆ ನಿಂತಾಗ, ಪುಸ್ತಕಗಳನ್ನು ಎದೆಗವಚಿಕೊಂಡು ಇಳಿದುಬರುವ ಅವಳನ್ನು ಕಂಡರೆ ನನಗೆ ಆ ಅಕ್ಕಸಾಲಿಗನ ಮಗಳ ನೆನಪಾಗುತ್ತದೆ. ತನ್ನವರನ್ನು ಬಿಟ್ಟುಕೊಡದೆ ಹೊಸ ಬಾಗಿಲನ್ನು ಹೊಗುವ ದಾರಿ ಅಂದು ಅವಳಿಗೆ ಇರಲಿಲ್ಲ. ಇಂದು ನಮ್ಮ ಮಕ್ಕಳಿಗೆ ಇದೆ.