ಕಾರನ್ನು ತಗ್ಗಿಸಿದಾಗ ಹಿಂಬದಿಯಲ್ಲಿ ಆಗುವುದೇನು?

ಬಡಗ ನುಡಿಯ ಪದಗಳನ್ನು ಸಂಗ್ರಹಿಸಲೆಂದು ಕಳೆದ ಚಳಿಗಾಲದಲ್ಲಿ ನಾವು ಕೆಲವರು ನೀಲಗಿರಿಯ ತುಮ್ಮನಟ್ಟಿಗೆ ಹೋಗಿದ್ದೆವು. ಸಂಜೆ ನಮ್ಮನ್ನು ಉದಕಮಂಡಲಕ್ಕೆ ತಲುಪಿಸಲು ಊರಿನ ತರುಣನೊಬ್ಬ ತನ್ನ ಕಾರನ್ನು ತಂದನು. ನೋಟಕ್ಕೆ ಚೆಂದವೆಂದು ಹಿಂಬದಿಯ ಸ್ಪ್ರಿಂಗುಗಳಲ್ಲಿ ಒಂದೊಂದು ಸುತ್ತನ್ನು ಕತ್ತರಿಸಿ ಅದನ್ನು ತಗ್ಗಿಸಿದ್ದನು. ಹಿಂದಿನ ಆಸನದಲ್ಲಿ ಮೂವರು ಕುಳಿತೊಡನೆ ತಿರುವುಗಳಲ್ಲಿ ಚಕ್ರವು ಮಡ್‌ಗಾರ್ಡಿಗೆ ಉಜ್ಜತೊಡಗಿತು. ಮೊದಲ ರಸ್ತೆಯುಬ್ಬಿನಲ್ಲಿಯೇ ಸೈಲೆನ್ಸರು ನೆಲಕ್ಕೆ ತಗುಲಿತು. ಇಳಿಸಿದ್ದು ಎರಡೇ ಅಂಗುಲವಲ್ಲವೇ ಎಂಬುದು ಅವನ ಪ್ರಶ್ನೆ. ನಮ್ಮ ವಿದ್ಯಾರ್ಥಿಗಳಲ್ಲಿಯೂ ಈ ಹವ್ಯಾಸವುಳ್ಳವರು ಇರುವುದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡಂಗುಲವೆಂದರೆ ಸುಮಾರು 5 ಸೆಂ.ಮೀ. ಖಾಲಿ ಕಾರಿನ ಅಡಿಭಾಗವು ನೆಲದಿಂದ 17 ಸೆಂ.ಮೀ. ಮೇಲಿದೆಯೆಂದು ಇಟ್ಟುಕೊಂಡರೆ ಉಳಿಯುವುದು 12 ಸೆಂ.ಮೀ. ಐವರು ಕುಳಿತಾಗ ಅದೂ ಕುಗ್ಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಕಟ್ಟಿದ ರಸ್ತೆಯುಬ್ಬಿನ ಎತ್ತರವೇ 10 ಸೆಂ.ಮೀ.; ನಮ್ಮ ಊರುಗಳ ಉಬ್ಬುಗಳೆಲ್ಲ ಆ ಅಳತೆಗೆ ಬದ್ಧವಾಗಿಲ್ಲ.

ಹಿಂಬದಿಯ ಸಸ್ಪೆನ್ಷನ್ನಿನಲ್ಲಿ ಮೂರು ಕೆಲಸಗಳಿವೆ. ಸ್ಪ್ರಿಂಗು ಭಾರವನ್ನು ಹೊರುತ್ತದೆ. ಶಾಕ್ ಅಬ್ಸಾರ್ಬರು ಸ್ಪ್ರಿಂಗಿನ ಕುಣಿತವನ್ನು ತಣಿಸುತ್ತದೆ. ತೋಳುಗಳು ಅಥವಾ ಆಕ್ಸಲ್ಲು ಚಕ್ರವನ್ನು ಅದರ ಸ್ಥಾನದಲ್ಲಿ ಹಿಡಿದಿಡುತ್ತವೆ. ಮರಾಠಿ, ಕನ್ನಡ ಎರಡರಲ್ಲಿಯೂ ಓದಿ ಬೆಳೆದ ನನಗೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗನ್ನು 'ಕಮಾನು' ಎನ್ನುವುದು ಸಹಜವೆನಿಸುತ್ತದೆ. ಪಾರಸಿಯಲ್ಲಿ ಬಿಲ್ಲು ಎಂಬ ಅರ್ಥವುಳ್ಳ ಆ ಪದ, ಅಂಬಾಸಡರ್ ಕಾರಿನ ಹಿಂಬದಿಯ ಬಾಗಿದ ಪಟ್ಟಿಗಳಿಗೆ ಚೆನ್ನಾಗಿ ಒಪ್ಪುತ್ತದೆ.

ಮೊದಲು ಸುರುಳಿ ಸ್ಪ್ರಿಂಗನ್ನು ನೋಡೋಣ. ಅದರ ಬಿಗುವು ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ. ಕೆಲಸ ಮಾಡುವ ಎಂಟು ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಬಿಗುವು ಏಳರಲ್ಲಿ ಒಂದು ಪಾಲು, ಅಂದರೆ ಸುಮಾರು ಶೇ. 14ರಷ್ಟು ಹೆಚ್ಚುತ್ತದೆ. ಆದರೆ ಚಕ್ರ ಮೇಲೇಳಲು ಇದ್ದ ಅವಕಾಶ 8 ಸೆಂ.ಮೀ.ನಿಂದ 3 ಸೆಂ.ಮೀ.ಗೆ ಇಳಿದಿದ್ದರೆ ಆ ಬಿಗುವು ಏನೇನೂ ಸಾಲದು. ಜೊತೆಗೆ, ಕತ್ತರಿಸಿದ ತುದಿಯು ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಪೂರ್ತಿ ಕೆಳಗೆ ಇಳಿಬಿದ್ದಾಗ ಸ್ಪ್ರಿಂಗು ಸಡಿಲಗೊಂಡು ಕಳಚಬಹುದು. ಆದುದರಿಂದ ಆ ವಾಹನಕ್ಕೆಂದೇ ತಯಾರಿಸಿದ, ಗಿಡ್ಡನೆಯ ಹಾಗೂ ಬಿಗುವಾದ ಸ್ಪ್ರಿಂಗು ಬೇಕು. ಶಾಕ್ ಅಬ್ಸಾರ್ಬರೂ ಅದಕ್ಕೆ ಹೊಂದುವ ಗಿಡ್ಡನೆಯದಾಗಿರಬೇಕು. ಇಲ್ಲವಾದರೆ ಒಳಗಿನ ಪಿಸ್ಟನ್ನು ತಳಕ್ಕೆ ಬಡಿಯುತ್ತದೆ. ಲೋಹಕ್ಕೆ ಲೋಹ ತಾಗದಂತೆ ತಡೆಯುವ ರಬ್ಬರ್ ತಡೆಯನ್ನು ಗಿಡ್ಡ ಮಾಡಬೇಕಾದೀತು; ಅದನ್ನು ಕಿತ್ತೆಸೆಯಬಾರದು.

ಎರಡನೆಯದು ಚಕ್ರದ ನಿಲುವು. ಇದು ಹಿಂಬದಿಯ ರಚನೆಯನ್ನು ಅವಲಂಬಿಸಿದೆ.

ಚಕ್ರಗಳೆರಡೂ ಸ್ವತಂತ್ರವಾಗಿ ಆಡುವ ಕಾರುಗಳಲ್ಲಿ ತೋಳುಗಳು ಕಂಸದಲ್ಲಿ ತಿರುಗುತ್ತವೆ. ದೇಹ ತಗ್ಗಿದಂತೆ ಸಾಮಾನ್ಯವಾಗಿ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಇದು ಕ್ಯಾಂಬರ್. ಚಕ್ರದ ಮುಂತುದಿ ಒಳಗೋ ಹೊರಗೋ ತಿರುಗುವುದು ಟೋ. ಕ್ಯಾಂಬರ್ ಕೆಟ್ಟರೆ ಟಯರಿನ ಒಳಅಂಚು ಸವೆಯುತ್ತದೆ. ಟೋ ಕೆಟ್ಟರೆ ಸವೆತದ ಜೊತೆಗೆ ಕಾರಿನ ಹಿಂಬದಿ ಸ್ಥಿರತೆಯನ್ನೂ ಕಳೆದುಕೊಳ್ಳುತ್ತದೆ. ಉದ್ದವನ್ನು ಹೊಂದಿಸಬಲ್ಲ ತೋಳುಗಳಿಂದ ಇವನ್ನು ತಿದ್ದಬಹುದು.

ಮಾರುತಿ ಸ್ವಿಫ್ಟಿನಂತಹ ಕಾರುಗಳಲ್ಲಿ ಎರಡು ಚಕ್ರಗಳನ್ನೂ ತಿರುಚಬಲ್ಲ ಒಂದೇ ತೊಲೆ ಸೇರಿಸುತ್ತದೆ. ಇಲ್ಲಿ ನಿಲುವು ಹೆಚ್ಚು ಬದಲಾಗದು. ತಿದ್ದಲು ತಿರುಪುಗಳೂ ಇಲ್ಲ. ಅಗತ್ಯಬಿದ್ದರೆ ಹಬ್ಬಿಗೂ ತೊಲೆಗೂ ನಡುವೆ ಓರೆಯಾದ ತೆಳುಬಿಲ್ಲೆಯನ್ನು ಇಡುತ್ತಾರೆ.

ಗಟ್ಟಿ ಆಕ್ಸಲ್ಲಿನ ಕೆಳಗೆ ಕಮಾನು ಕೂತಿರುವಲ್ಲಿ ಅವೆರಡರ ನಡುವೆ ದಿಮ್ಮಿಯನ್ನಿಟ್ಟು, ಉದ್ದನೆಯ ಯು-ಬೋಲ್ಟುಗಳಿಂದ ಬಿಗಿದು ತಗ್ಗಿಸುತ್ತಾರೆ. ಆಗ ಪ್ರೊಪೆಲ್ಲರ್ ಶಾಫ್ಟಿನ ಕೋನವನ್ನೂ ಪರೀಕ್ಷಿಸಬೇಕು. ಸುರುಳಿ ಸ್ಪ್ರಿಂಗಿನೊಡನೆ ಆಕ್ಸಲ್ಲನ್ನು ಅಡ್ಡಸರಳೊಂದು ಹಿಡಿದಿದ್ದರೆ, ಕಾರು ತಗ್ಗಿದಾಗ ಆಕ್ಸಲ್ಲು ಒಂದು ಪಕ್ಕಕ್ಕೆ ಸರಿಯುತ್ತದೆ. ಉದ್ದ ಹೊಂದಿಸಬಲ್ಲ ಸರಳಿನಿಂದ ಅದನ್ನು ನಡುವಿಗೆ ತರಬೇಕು.

ಮೂರನೆಯದು ಬ್ರೇಕು. ಕೆಲವು ವಾಹನಗಳಲ್ಲಿ ಹಿಂಬದಿ ಎಷ್ಟು ತಗ್ಗಿದೆಯೆಂಬುದನ್ನು ನೋಡಿ ಹಿಂದಿನ ಬ್ರೇಕಿಗೆ ಒತ್ತಡವನ್ನು ಹಂಚುವ ಕವಾಟವಿದೆ. ಕಾರನ್ನು ತಗ್ಗಿಸಿದರೆ ಆ ಕವಾಟ ಅದನ್ನು ಹೊರೆಯೆಂದೇ ಭಾವಿಸಿ ಹೆಚ್ಚು ಒತ್ತಡ ಬಿಡುತ್ತದೆ. ಉದಕಮಂಡಲದಿಂದ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ಘಾಟಿಯಲ್ಲಿ 36 ಕಡಿದಾದ ತಿರುವುಗಳಿವೆ. ಅಲ್ಲಿ ಬ್ರೇಕು ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಹೋಗಿ ಹಿಂದಿನ ಚಕ್ರಗಳು ಹಗುರಾಗಿರುತ್ತವೆ. ಹಗುರಾದ ಚಕ್ರಕ್ಕೆ ಹೆಚ್ಚು ಬ್ರೇಕು ಬಿದ್ದರೆ ಅದು ಕಚ್ಚಿಕೊಂಡು ಹಿಂಬದಿ ಪಕ್ಕಕ್ಕೆ ಜಾರುತ್ತದೆ. ಹಿಂಬದಿಯನ್ನು ಮಾತ್ರ ತಗ್ಗಿಸಿದರೆ ಮುಂದಿನ ದೀಪಗಳು ಮೇಲಕ್ಕೆ ನೋಡಿ ಎದುರಿನವರ ಕಣ್ಣು ಕುಕ್ಕುತ್ತವೆಂಬುದನ್ನೂ ಮರೆಯಬಾರದು.

ಕೆಲಸದ ಕ್ರಮ ಹೀಗಿರಬೇಕು. ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಮೊದಲೇ ಅಳೆದು ಬರೆದಿಡಬೇಕು. ರಬ್ಬರ್ ಬುಷ್ಷುಗಳಿರುವ ಬೋಲ್ಟುಗಳನ್ನು ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಪೂರ್ತಿ ಬಿಗಿಯಬೇಕು; ಕಾರು ಜ್ಯಾಕಿನ ಮೇಲಿರುವಾಗ ಬಿಗಿದರೆ ಬುಷ್ಷುಗಳು ಸದಾ ತಿರುಚಿದ ಸ್ಥಿತಿಯಲ್ಲಿಯೇ ಉಳಿದು ಬೇಗ ಹರಿಯುತ್ತವೆ. ಬಳಿಕ ನಾಲ್ಕೂ ಚಕ್ರಗಳ ಅಲೈನ್‌ಮೆಂಟು, ಬ್ರೇಕು ಹಾಗೂ ದೀಪಗಳ ಪರೀಕ್ಷೆ, ಕಡೆಗೆ ಪೂರ್ಣ ಹೊರೆಯೊಡನೆ ನಿಧಾನದ ಓಡಾಟ.

ಇಷ್ಟಕ್ಕೂ ಮೊದಲು ಕಾನೂನನ್ನು ನೋಡಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು.

ವ್ಯಾಕರಣ ಓದುವ ನಿಮಗೆ ಇದರ ತಿರುಳು ಹೊಸದಲ್ಲ. ಅರ್ಥ ಕೆಡದಿರುವಲ್ಲಿ ಮಾತ್ರ ಲೋಪಸಂಧಿ. 'ಊರು' ಮತ್ತು 'ಅಲ್ಲಿ' ಸೇರಿ 'ಊರಲ್ಲಿ' ಆದೀತು. 'ಗುರು' ಮತ್ತು 'ಅನ್ನು' ಸೇರುವಾಗ ಉಕಾರವನ್ನು ಬಿಡಲಾಗದು, ವಕಾರವನ್ನು ತಂದು 'ಗುರುವನ್ನು' ಎನ್ನಬೇಕು. ತುಮ್ಮನಟ್ಟಿಯ ತರುಣನು ಮಾಡಿದ್ದು ಅರ್ಥಕೆಡುವ ಲೋಪ. ಹಳೆಯ ಸ್ಪ್ರಿಂಗಿನ ಅಳತೆಯದೇ ಹೊಸದನ್ನು ಹಾಕಿಸೆಂದು ಅವನಿಗೆ ಹೇಳಿ ಬಂದೆನು. ಹಾಕಿಸಿರುವುದಾಗಿ ಮರುತಿಂಗಳು ಅವನೇ ಫೋನು ಮಾಡಿ ತಿಳಿಸಿದನು.